ಜೈಲಿನ ಕಡತ: ಯಾವುದನ್ನು ಕೇಳಿ ಪಡೆಯಬಹುದು, ಯಾವುದು ಗುಟ್ಟಾಗಿಯೇ ಇರಬೇಕು

ಪ್ರಶ್ನೆ

“ಸರ್, ನಾವು ಮುಧೋಳ ತಾಲ್ಲೂಕಿನವರು. ನನ್ನ ತಮ್ಮ ಒಂದು ಹೊಡೆದಾಟದ ಕೇಸಿನಾಗ ಹದಿನಾಲ್ಕು ತಿಂಗಳಿಂದ ವಿಚಾರಣಾಧೀನ ಕೈದಿಯಾಗಿ ಜೈಲಿನಾಗ ಅದಾನ. ಎರಡೂವರೆ ತಿಂಗಳ ಹಿಂದ ಮುಲಾಕಾತಿಗೆ ಹೋದಾಗ ಹಣಿ ಮ್ಯಾಲೆ ಹೊಲಿಗಿ ಹಾಕಿದ್ದು ಕಾಣಿಸ್ತು. ಬಚ್ಚಲದಾಗ ಜಾರಿ ಬಿದ್ದಾನಂತ ಸಿಬ್ಬಂದಿ ಅಂದ್ರು. ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನಾನು ಮಾಹಿತಿ ಹಕ್ಕಿನಾಗ ಒಂದೇ ಅರ್ಜಿಯೊಳಗ ಒಂಬತ್ತು ವಿಷಯ ಕೇಳಿದೆ: ಅವನ ವೈದ್ಯಕೀಯ ಕಾಗದ, ಆ ದಿನದ ಸಿಸಿಟಿವಿ, ಡ್ಯೂಟಿ ಮೇಲಿದ್ದ ಸಿಬ್ಬಂದಿ ಹೆಸರು ಮತ್ತು ಫೋನ್ ನಂಬರ್, ಬ್ಯಾರಕ್ಕಿನ ನಕ್ಷೆ, ಅದೇ ಬ್ಯಾರಕ್ಕಿನ ಬಾಕಿ ಕೈದಿಗಳ ಹೆಸರು ಮತ್ತು ಕೇಸು, ಗೇಟ್ ರಿಜಿಸ್ಟರ್, ಮೂರು ವರ್ಷದ ರೇಷನ್ ಬಿಲ್ಲು, ಜೈಲು ನೋಡಾಕ ಬರೋ ಸಂದರ್ಶಕ ಮಂಡಳಿ ವರದಿ, ಮೊಬೈಲ್ ಸಿಗ್ನಲ್ ತಡೆಯೋ ಜಾಮರ್ ವಿವರ. 41 ದಿನಕ್ಕೆ ಹಿಂಬರಹ ಬಂತು: ‘ಕೋರಿರುವ ಮಾಹಿತಿಯು ಕಾರಾಗೃಹದ ಭದ್ರತೆಗೆ ಸಂಬಂಧಿಸಿದ್ದು, ಕಲಂ 8(1)(ಎ), (ಜಿ), (ಹೆಚ್), (ಜೆ) ಅಡಿ ನೀಡಲು ಬರುವುದಿಲ್ಲ.’ ಅದು ಬಂದು ಇವತ್ತಿಗೆ ಒಂಬತ್ತು ದಿನ. ಜೈಲಿಗೆ ಆರ್‌ಟಿಐ ನಡೆಯೋದಿಲ್ಲ, ಸುಮ್ನಿರು, ಒಳಗಿರೋನಿಗೆ ತ್ರಾಸ ಆಗ್ತದಂತ ಊರಾಗಿನ ಮಂದಿ ಹೇಳಾಕತ್ತಾರ. ನಾ ಏನ್ ಮಾಡ್ಲಿ?”

(ಓದುಗರ ಹೆಸರು, ಜೈಲು ಮತ್ತು ಆಸ್ಪತ್ರೆಯ ಹೆಸರುಗಳನ್ನು ಬೇಕೆಂದೇ ಬಿಟ್ಟಿದೆ.)

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ತಮ್ಮನಿಗೆ ನಿಜವಾಗಿ ಏನಾಯಿತು ಎಂಬುದು ಒಂದು. ಕೇಳಿದ್ದರಿಂದಲೇ ಅವನಿಗೆ ಇನ್ನಷ್ಟು ಕಷ್ಟವಾದೀತೇ ಎಂಬುದು ಇನ್ನೊಂದು. ಎರಡಕ್ಕೂ ದಾರಿ ಇದೆ. ಆದರೆ ಅದು ನೀವು ಹಾಕಿದ ಅರ್ಜಿಯ ದಾರಿಯಲ್ಲ. ನಿಮಗೆ ಬಂದ ಹಿಂಬರಹ ಕಾನೂನಿನ ಪ್ರಕಾರ ತಪ್ಪು, ಅದು ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ. ಅಷ್ಟೇ ನಿಜವಾದ ಮಾತೆಂದರೆ, ನೀವು ಕೇಳಿದ ಒಂಬತ್ತರಲ್ಲಿ ಮೂರನ್ನು ಯಾವ ಜೈಲೂ ಕೊಡಬಾರದು. ಆ ಮೂರು ಸೇರಿಕೊಂಡದ್ದರಿಂದ ಉಳಿದ ಆರನ್ನೂ ಒಂದೇ ಸಾಲಿನಲ್ಲಿ ತಳ್ಳಿಹಾಕಲು ಅವರಿಗೆ ಸಲೀಸಾಯಿತು.

ಮೊದಲು ಊರ ಮಂದಿಯ ಮಾತು. ಜೈಲಿಗೆ ಮಾಹಿತಿ ಹಕ್ಕು ನಡೆಯುವುದಿಲ್ಲ ಎನ್ನುವುದು ಸುಳ್ಳು. 2005ರ ಕಾಯ್ದೆಯಿಂದ ಒಂದು ಇಲಾಖೆಯನ್ನು ಪೂರ್ತಿ ಹೊರಗಿಡಬೇಕೆಂದರೆ ರಾಜ್ಯ ಸರ್ಕಾರ ಕಲಂ 24(4)ರಡಿ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಬೇಕು. ಆ ಕಲಂ ಇರುವುದು ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಗೆ. ಹಾಗೆ ಹೊರಗಿಟ್ಟ ಸಂಸ್ಥೆ ಕೂಡ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಯನ್ನು ಮುಚ್ಚಿಡುವಂತಿಲ್ಲ. ನಿಮ್ಮ ಹಿಂಬರಹವನ್ನೇ ಇನ್ನೊಮ್ಮೆ ಓದಿ. ಅದರಲ್ಲಿ ಕಲಂ 24ರ ಸುದ್ದಿಯೇ ಇಲ್ಲ, ಇರುವುದು ಯಾವ ಯಾವ ಮಾಹಿತಿಯನ್ನು ಕೊಡಬೇಕಿಲ್ಲ ಎಂದು ಹೇಳುವ ಕಲಂ 8. ಅಂದರೆ ಕಾಯ್ದೆ ತಮಗೆ ಅನ್ವಯಿಸುತ್ತದೆ ಎಂದು ಅಧಿಕಾರಿಯೇ ಒಪ್ಪಿ, ವಿನಾಯಿತಿ ಕೇಳಿದ್ದಾರೆ. ವಿನಾಯಿತಿ ಕೇಳಿದವರು ಅದಕ್ಕೆ ಕಾರಣವನ್ನೂ ತೋರಿಸಬೇಕು. ಆ ಹೊಣೆ ಮಾಹಿತಿ ಅಧಿಕಾರಿಯ ಮೇಲಿದೆ ಎಂದು ಕಲಂ 19(5) ಹೇಳುತ್ತದೆ. “ಭದ್ರತೆಗೆ ಸಂಬಂಧಿಸಿದ್ದು” ಎಂಬ ಎರಡು ಪದ ಬರೆದರೆ ಆ ಹೊಣೆ ತೀರುವುದಿಲ್ಲ.

ಜೈಲು ಕೈಪಿಡಿಯೇ ಗುಟ್ಟು ಎಂದು ಹೇಳುವ ಸಿಬ್ಬಂದಿಯೂ ಇದ್ದಾರೆ. ಅದೂ ತಪ್ಪು. ನಿಯಮ, ಕೈಪಿಡಿ, ಸುತ್ತೋಲೆಗಳು ಕಲಂ 4(1)(ಬಿ) ಪ್ರಕಾರ ಯಾರೂ ಕೇಳದೆಯೇ ಪ್ರಕಟವಾಗಬೇಕಾದವು. ಕೈಪಿಡಿ ಕೈದಿಗಳ ಕೈಗೆ ಸುಲಭವಾಗಿ ಸಿಗುವಂತಿರಬೇಕು ಎಂದು ಸುಪ್ರೀಂ ಕೋರ್ಟ್ ಸುನಿಲ್ ಬಾತ್ರಾ ಪ್ರಕರಣದಲ್ಲೇ ಹೇಳಿದೆ. ಕೈದಿ ತಾನೇ ಅರ್ಜಿ ಹಾಕುವಂತಿಲ್ಲ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಮಾಹಿತಿ ಹಕ್ಕು ಇರುವುದು ನಾಗರಿಕನಿಗೆ, ಜೈಲು ಸೇರಿದ ಮಾತ್ರಕ್ಕೆ ನಾಗರಿಕತ್ವ ಹೋಗುವುದಿಲ್ಲ.

ಇನ್ನೊಂದು ಕಡೆಯ ತಪ್ಪು ಕಲ್ಪನೆಯನ್ನೂ ಹೇಳಲೇಬೇಕು. “ನನ್ನ ತಮ್ಮ, ಹಾಗಾಗಿ ಅವನ ಎಲ್ಲ ಕಾಗದವೂ ನನ್ನ ಹಕ್ಕು” ಎಂದು ನೀವು ಅಂದುಕೊಂಡಿದ್ದೀರಿ. ಕಾನೂನಿನ ಕಣ್ಣಿಗೆ ಅವನ ವೈದ್ಯಕೀಯ ದಾಖಲೆಯ ವಿಷಯದಲ್ಲಿ ನೀವೂ ಮೂರನೆಯವರೇ. ಇದಕ್ಕೆ ಪರಿಹಾರ ಸುಲಭ, ಮುಂದೆ ಹೇಳುತ್ತೇನೆ.

ಜೈಲಿನವರು ಇಷ್ಟು ಬಿಗಿ ಹಿಡಿಯುವುದೇಕೆ ಎಂಬುದು ತಿಳಿದರೆ ಅರ್ಜಿ ಬರೆಯುವ ಕೈ ತಾನೇ ಬದಲಾಗುತ್ತದೆ. ಅವರಿಗೆ ಮೂರು ಭಯ: ನಿಷೇಧಿತ ವಸ್ತು ಒಳಗೆ ಬರುವುದು, ಕೈದಿ ತಪ್ಪಿಸಿಕೊಳ್ಳುವುದು, ಕೈದಿಯೊಬ್ಬ ಇನ್ನೊಬ್ಬನ ಮೇಲೆ ಬೀಳುವುದು. 2023ರ ಜನವರಿಯಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿನೊಳಗಿಂದ ಕೇಂದ್ರ ಸಚಿವರೊಬ್ಬರ ನಾಗಪುರ ಕಚೇರಿಗೆ ಬೆದರಿಕೆ ಕರೆ ಹೋದ ಪ್ರಕರಣ ಈ ಭಾಗದವರಿಗೆ ನೆನಪಿರಬೇಕು. ಒಂದು ಮೊಬೈಲ್ ಒಳಗೆ ನುಸುಳಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಜೈಲಿನ ಮಾಹಿತಿಗೆ ಒಂದು ವಿಶೇಷ ಗುಣವಿದೆ. ಬಿಡಿ ಬಿಡಿಯಾಗಿ ನೋಡಿದರೆ ಯಾವುದೂ ಅಪಾಯವಲ್ಲ. ತರಕಾರಿ ಗಾಡಿ ಎಷ್ಟು ಗಂಟೆಗೆ ಬರುತ್ತದೆ, ಗೇಟಿನಲ್ಲಿ ಝಡ್ತಿ (ತಪಾಸಣೆ) ಮಾಡುವವರು ಎಷ್ಟು ಜನ, ಪಾಳಿ ಯಾವಾಗ ಬದಲಾಗುತ್ತದೆ, ಕ್ಯಾಮೆರಾ ಯಾವ ಮೂಲೆಯನ್ನು ನೋಡುವುದಿಲ್ಲ – ಈ ನಾಲ್ಕನ್ನು ಒಂದೇ ಹಾಳೆಯಲ್ಲಿ ಬರೆದರೆ ಅದು ಯೋಜನೆಯಾಗುತ್ತದೆ. ಅರ್ಜಿದಾರರು ಒಳ್ಳೆಯವರೇ ಇರಬಹುದು. ಆದರೆ ಮಾಹಿತಿ ಹಕ್ಕಿನಲ್ಲಿ ಒಬ್ಬರಿಗೆ ಕೊಟ್ಟದ್ದನ್ನು ನಾಳೆ ಕೇಳಿದ ಎಲ್ಲರಿಗೂ ಕೊಡಬೇಕಾಗುತ್ತದೆ, ಏಕೆಂದರೆ ಕಲಂ 6(2) ಪ್ರಕಾರ ಯಾಕೆ ಬೇಕು ಎಂದು ಯಾರನ್ನೂ ಕೇಳುವಂತಿಲ್ಲ.

ಹಾಗಾಗಿ ನಾನು ಅನುಸರಿಸುವ ಅಳತೆಗೋಲು ಇದು: ನಡೆದು ಹೋದದ್ದನ್ನು ಕೇಳಿ, ಖರ್ಚಾದದ್ದನ್ನು ಕೇಳಿ, ನಿಮ್ಮವರ ಬಗ್ಗೆ ಬರೆದಿಟ್ಟದ್ದನ್ನು ಕೇಳಿ. ಕಾವಲು ಹೇಗೆ ನಡೆಯುತ್ತಿದೆ ಎಂಬುದನ್ನು ಕೇಳಬೇಡಿ.

ಈ ಅಳತೆಗೆ ನಿಮ್ಮ ಪಟ್ಟಿಯನ್ನು ಹಿಡಿದು ನೋಡೋಣ. ಬ್ಯಾರಕ್ ನಕ್ಷೆ ಸಿಗುವುದಿಲ್ಲ, ಸಿಗಲೂಬಾರದು. ಬೇರೆ ಕೈದಿಗಳ ಹೆಸರು ಮತ್ತು ಕೇಸಿನ ವಿವರವೂ ಅಷ್ಟೇ. ಅವರಲ್ಲಿ ಸಾಕ್ಷಿ ಹೇಳಲು ಒಪ್ಪಿದವರಿರಬಹುದು, ಹೊರಗೆ ವೈರಿಗಳಿರುವವರಿರಬಹುದು. ಕಲಂ 8(1)(ಜಿ), ಅಂದರೆ ಯಾರದೇ ಜೀವ ಅಥವಾ ದೈಹಿಕ ಸುರಕ್ಷತೆಗೆ ಅಪಾಯ ತರುವ ಮಾಹಿತಿ ಎಂಬ ವಿನಾಯಿತಿ, ಇಂಥದ್ದಕ್ಕೇ ಇರುವುದು. ಸಿಬ್ಬಂದಿಯ ಫೋನ್ ನಂಬರ್ ಮತ್ತು ಯಾರು ಯಾವ ಜಾಗದಲ್ಲಿ ನಿಂತಿದ್ದರು ಎಂಬ ಪಹರೆ ಪಟ್ಟಿಯೂ ಮುಚ್ಚಿದ್ದೇ. ಈ ಮೂರನ್ನು ಮೇಲ್ಮನವಿಯಲ್ಲಿ ನೀವಾಗಿಯೇ ಕೈಬಿಡಿ. ಆದರೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಖಾಲಿ ಎಷ್ಟು ಎಂಬುದು ತೆರೆದ ಮಾಹಿತಿ. ನೌಕರರ ವೇತನವೂ ಕಲಂ 4ರಡಿ ಪ್ರಕಟವಾಗಬೇಕಾದದ್ದು.

ಜಾಮರ್ ವಿಷಯ ಅರ್ಧ ತೆರೆದದ್ದು, ಅರ್ಧ ಮುಚ್ಚಿದ್ದು. ಅದು ಎಲ್ಲಿದೆ, ಎಷ್ಟು ದೂರ ಕೆಲಸ ಮಾಡುತ್ತದೆ, ಯಾವ ತರಂಗಾಂತರವನ್ನು ತಡೆಯುತ್ತದೆ ಎಂಬುದು ಭದ್ರತೆ. ಯಾವ ವರ್ಷ ಕೊಂಡರು, ಟೆಂಡರ್ ಮೊತ್ತ ಎಷ್ಟು, ದುರಸ್ತಿಗೆ ಎಷ್ಟು ಖರ್ಚಾಯಿತು ಎಂಬುದು ಸಾರ್ವಜನಿಕರ ದುಡ್ಡಿನ ಲೆಕ್ಕ. ನಿಮ್ಮ ಸಂಕಟಕ್ಕೂ ಜಾಮರಿಗೂ ಸಂಬಂಧವಿಲ್ಲ, ಈಗ ಬಿಟ್ಟುಬಿಡಿ.

ಸಿಸಿಟಿವಿ ಎಲ್ಲರೂ ಮೊದಲು ಕೇಳುವ, ಎಲ್ಲರಿಗೂ ಕೊನೆಗೆ ಕೈತಪ್ಪುವ ದಾಖಲೆ. ಕಾರಣ ಕಾಲ. ರೆಕಾರ್ಡರಿನ ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ. ಎಷ್ಟು ಕ್ಯಾಮೆರಾ, ಎಷ್ಟು ದೊಡ್ಡ ಡಿಸ್ಕ್ ಎಂಬುದರ ಮೇಲೆ ಅದು ಎರಡು ವಾರವೋ ಒಂದು ತಿಂಗಳೋ ಉಳಿದೀತು. ಮಾಹಿತಿ ಕೊಡಲು ಕಾಯ್ದೆ ಕೊಟ್ಟ ಅವಧಿಯೇ 30 ದಿನ. ಅರ್ಜಿಗೆ ಉತ್ತರ ಬರುವ ಹೊತ್ತಿಗೆ ದೃಶ್ಯವೇ ಅಳಿಸಿರುತ್ತದೆ. 18 ತಿಂಗಳು ಉಳಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆಯಲ್ಲ ಎಂದು ಹಲವರು ವಾದಿಸುತ್ತಾರೆ. 2020ರ ಪರಮವೀರ್ ಸಿಂಗ್ ಸೈನಿ ತೀರ್ಪಿನ ಆ ಮಾತು ಪೊಲೀಸ್ ಠಾಣೆಗಳ ಕುರಿತದ್ದು, ಅದನ್ನು ನೇರವಾಗಿ ಜೈಲಿಗೆ ಅನ್ವಯಿಸಿ ಕೂರಬೇಡಿ. ಇಂಥ ಘಟನೆ ತಿಳಿದ ದಿನವೇ ಮಾಡಬೇಕಾದ ಕೆಲಸವೆಂದರೆ ಅಧೀಕ್ಷಕರಿಗೆ ಒಂದು ಪತ್ರ: “ಇಂಥ ದಿನಾಂಕ, ಇಷ್ಟರಿಂದ ಇಷ್ಟು ಗಂಟೆಯವರೆಗಿನ, ಇಂಥ ಬ್ಯಾರಕ್ಕಿನ ಹೊರ ಮೊಗಸಾಲೆಯ ದೃಶ್ಯವನ್ನು ಅಳಿಸದೆ ಪ್ರತ್ಯೇಕವಾಗಿ ಉಳಿಸಿಡಿ.” ಅದರ ಪ್ರತಿ ಕೇಸು ನಡೆಯುವ ನ್ಯಾಯಾಲಯಕ್ಕೆ. ದೃಶ್ಯ ಕೊಡಿ ಎಂದು ಆ ಪತ್ರದಲ್ಲಿ ಕೇಳಬೇಡಿ, ಉಳಿಸಿ ಎಂದಷ್ಟೇ ಕೇಳಿ. ಆಮೇಲೆ ವಕೀಲರು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರಡಿ – ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 91 – ಅದನ್ನು ನ್ಯಾಯಾಲಯಕ್ಕೆ ತರಿಸಲು ಅರ್ಜಿ ಹಾಕಬಹುದು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಕ್ಯಾಮೆರಾದ ಕೋನ, ನೋಡದ ಮೂಲೆ ಎಲ್ಲ ಬಯಲಾಗುತ್ತದೆ ಎಂದು ಆಕ್ಷೇಪ ಬರುತ್ತದೆ. ಆ ಆಕ್ಷೇಪದಲ್ಲಿ ಹುರುಳಿದೆ. ನ್ಯಾಯಾಧೀಶರು ನೋಡುವಾಗ ಆ ಆಕ್ಷೇಪ ಇಲ್ಲ. ನಿಮ್ಮ ವಿಷಯದಲ್ಲಿ ಎರಡೂವರೆ ತಿಂಗಳು ಕಳೆದಿದೆ. ದೃಶ್ಯ ಉಳಿದಿರುವ ಸಾಧ್ಯತೆ ಕಡಿಮೆ. ಆದರೂ “ದೃಶ್ಯ ಲಭ್ಯವಿದೆಯೇ, ಇಲ್ಲದಿದ್ದರೆ ಯಾವ ದಿನಾಂಕದಂದು ಅಳಿಸಿಹೋಯಿತು” ಎಂದು ಕೇಳಿ ಇಟ್ಟುಕೊಳ್ಳಿ. ನಿಮ್ಮ ಅರ್ಜಿ ತಲುಪಿದ ಮೇಲೆ ಅಳಿಸಿದ್ದರೆ ಅದೊಂದು ಗಂಭೀರ ವಿಷಯ. ಕೇಳಿದ ಮಾಹಿತಿಯನ್ನು ನಾಶಪಡಿಸುವುದು ಕಲಂ 20ರಡಿ ದಂಡಕ್ಕೆ ಗುರಿಯಾಗುವ ತಪ್ಪು.

ಹಾಗಾದರೆ ಉಳಿಯುವುದೇನು? ಕಾಗದ. ಎರಡೂವರೆ ತಿಂಗಳಿಗೆ ಬಾವು, ಕಂದುಗಟ್ಟಿದ ಗುರುತು ಎಲ್ಲ ಮಾಯವಾಗಿ ಹಣೆಯ ಮೇಲೆ ಒಂದು ಗೆರೆ ಮಾತ್ರ ಉಳಿದಿರುತ್ತದೆ. ಆ ದಿನ ಬರೆದ ಕಾಗದಗಳಿಗೆ ಮಾತ್ರ ಈಗ ಬಾಯಿ ಇದೆ. ಅವು ಮೂರು ಬೇರೆ ಬೇರೆ ಕೈಗಳಲ್ಲಿ ಬರೆದವು, ಮೂರು ಬೇರೆ ಜಾಗದಲ್ಲಿ ಇವೆ.

ಒಂದನೆಯದು ಜೈಲಿನ ಗೇಟ್ ರಿಜಿಸ್ಟರ್. ನೀವು ಇಡೀ ರಿಜಿಸ್ಟರ್ ಕೇಳಿದ್ದೀರಿ. ಅದರಲ್ಲಿ ಬಂದು ಹೋದ ಸರಕಿನ ಗಾಡಿ, ಸಂದರ್ಶಕರು, ಎಸ್ಕಾರ್ಟ್ (ಕೈದಿಯ ಜೊತೆ ಹೋಗುವ ಬೆಂಗಾವಲು) ಎಲ್ಲ ಇರುತ್ತದೆ. ಅದನ್ನು ಕೊಡಲಾಗದು ಎಂದರೆ ತಪ್ಪೇನಿಲ್ಲ. ನಿಮಗೆ ಬೇಕಾದದ್ದು ಒಂದೇ ಸಾಲು: ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ ನಮೂದು. ದಿನಾಂಕ, ಹೊರಗೆ ಹೋದ ಸಮಯ, ಕೈದಿಯ ಸಂಖ್ಯೆ, ಕಾರಣ, ಮರಳಿ ಬಂದ ಸಮಯ. ಇದನ್ನು ಕೊಡುವ ವಿಧಾನ ಕಲಂ 10ರಲ್ಲಿದೆ. ದಾಖಲೆಯಲ್ಲಿ ಕೊಡಲಾಗದ ಭಾಗವಿದ್ದರೆ ಅದನ್ನು ಮರೆಮಾಡಿ ಉಳಿದದ್ದನ್ನು ಕೊಡಬೇಕು. ಕಚೇರಿಯಲ್ಲಿ ಇದು ಎರಡು ನಿಮಿಷದ ಕೆಲಸ. ಪುಟದ ಮೇಲೆ ಮೇಲ್ಗಡೆ ಒಂದು, ಕೆಳಗಡೆ ಒಂದು ಬಿಳಿ ಹಾಳೆಯ ಪಟ್ಟಿ ಇಟ್ಟು, ತಲೆಬರಹದ ಸಾಲು ಮತ್ತು ಬೇಕಾದ ಸಾಲು ಮಾತ್ರ ಕಾಣುವಂತೆ ಜೆರಾಕ್ಸ್ ತೆಗೆದು, “ಭಾಗಶಃ ಪ್ರತಿ” ಎಂದು ಬರೆದು ಸಹಿ ಹಾಕುವುದು. ಎಸ್ಕಾರ್ಟ್ ಸಿಬ್ಬಂದಿಯ ಹೆಸರನ್ನೂ ಪಟ್ಟಿಯಡಿ ಮುಚ್ಚಬಹುದು, ನಿಮ್ಮ ಕೆಲಸಕ್ಕೆ ಅದರಿಂದ ಏನೂ ಕೊರತೆಯಾಗದು. “ಕಲಂ 10ರಂತೆ ಇತರ ನಮೂದುಗಳನ್ನು ಮರೆಮಾಡಿ ಕೊಡಿ” ಎಂದು ಅರ್ಜಿಯಲ್ಲೇ ಬರೆಯಿರಿ. ಭದ್ರತೆಯ ಆಕ್ಷೇಪಕ್ಕೆ ಅಲ್ಲೇ ಅರ್ಧ ಉತ್ತರ ಸಿಕ್ಕಂತೆ.

ಎರಡನೆಯದು ಜೈಲಿನ ವೈದ್ಯರು ಬರೆದದ್ದು. ಜೈಲಿಗೆ ಮೊದಲ ದಿನ ಸೇರಿಸಿಕೊಳ್ಳುವಾಗ ಮಾಡಿದ ತಪಾಸಣೆಯ ಹಾಳೆಯಲ್ಲಿ ಆಗ ಮೈಮೇಲಿದ್ದ ಗಾಯ, ಕಲೆಗಳ ವಿವರ ಇರಬೇಕು. ಆ ಗಾಯ ಹಳೆಯದು ಎಂಬ ವಾದ ಬಂದರೆ ಉತ್ತರ ಕೊಡುವುದು ಈ ಹಾಳೆ. ಅದರ ಜೊತೆಗೆ ಗಾಯವಾದ ದಿನದ ಹೊರರೋಗಿ ನಮೂದು ಮತ್ತು ಹೊರಗಿನ ಆಸ್ಪತ್ರೆಗೆ ಕಳಿಸಿದ ಚೀಟಿ.

ಮೂರನೆಯದು ಹೊರಗಿನ ಸರ್ಕಾರಿ ಆಸ್ಪತ್ರೆಯದು, ಇದೇ ಎಲ್ಲಕ್ಕಿಂತ ತೂಕದ್ದು. ತುರ್ತು ಚಿಕಿತ್ಸಾ ವಿಭಾಗದಲ್ಲಿ ನೋಂದಣಿಯಾದ ಸಮಯ, ಎಂಎಲ್‌ಸಿ (ಪೊಲೀಸ್, ಕೋರ್ಟಿಗೆ ಸಂಬಂಧಪಡಬಹುದಾದ ಗಾಯದ ಪ್ರಕರಣ) ರಿಜಿಸ್ಟರಿನ ನಮೂದು, ಗಾಯದ ಪ್ರಮಾಣಪತ್ರ. ಇದರಲ್ಲಿ ಗಾಯದ ಉದ್ದ, ಅಗಲ, ಅದು ಹರಿದದ್ದೋ ಕೊಯ್ದದ್ದೋ ಎಂಬ ವಿವರ, ಎಷ್ಟು ಹೊತ್ತಿನ ಹಿಂದಿನದು ಎಂಬ ಅಂದಾಜು, ಹೇಗಾಯಿತೆಂದು ಹೇಳಲಾಯಿತು ಎಂಬ ಮಾತು ಇರುತ್ತದೆ. ಆ ಮಾತನ್ನು ಹೇಳಿದವರು ಯಾರು ಎಂದು ನೋಡಿ, ರೋಗಿಯೋ, ಜೊತೆಗೆ ಬಂದ ಸಿಬ್ಬಂದಿಯೋ. ಹಣೆಯ ಹೊರತಾಗಿ ಬೇರೆಲ್ಲಾದರೂ ಗಾಯ ಬರೆದಿದೆಯೇ ನೋಡಿ. ಜಾರಿ ಬಿದ್ದವನಿಗೆ ಹಣೆ, ಹುಬ್ಬು, ಮೊಣಕೈಯಂಥ ಎಲುಬು ಉಬ್ಬಿದ ಜಾಗದಲ್ಲಿ ಪೆಟ್ಟಾಗುವುದು ಸಹಜ. ಬೆನ್ನು, ತೋಳು, ತೊಡೆ ಎಂದು ಹಲವು ಕಡೆ ಪೆಟ್ಟು ಬರೆದಿದ್ದರೆ ಒಂದೇ ಬೀಳುವಿಕೆಯಿಂದ ಅದು ಹೇಗಾಯಿತು ಎಂದು ನಿಮ್ಮ ವಕೀಲರು ಆ ವೈದ್ಯರನ್ನು ಕೇಳಬಹುದು. ತೀರ್ಮಾನ ಹೇಳಬೇಕಾದವರು ವೈದ್ಯರು, ನಾವಲ್ಲ.

ಈಗ ಮೂರನ್ನೂ ಪಕ್ಕ ಪಕ್ಕ ಇಟ್ಟು ಸಮಯ ಹೊಂದಿಸಿ. ಉದಾಹರಣೆಗೆ ಜೈಲು ವೈದ್ಯರು ಬೆಳಿಗ್ಗೆ 7ಕ್ಕೆ ನೋಡಿದ್ದು, ಗೇಟು ದಾಟಿದ್ದು ಮಧ್ಯಾಹ್ನ 3ಕ್ಕೆ, ಆಸ್ಪತ್ರೆಯಲ್ಲಿ ನೋಂದಣಿ 3:40ಕ್ಕೆ ಎಂದಿದ್ದರೆ, ಹೊಲಿಗೆ ಬೇಕಾದ ಗಾಯ ಇಟ್ಟುಕೊಂಡು ಎಂಟು ತಾಸು ಯಾಕೆ ಕಾಯಿಸಿದರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಎಲ್ಲವೂ ಒಂದಕ್ಕೊಂದು ಹೊಂದಿದರೆ ಬಚ್ಚಲದಲ್ಲಿ ಜಾರಿದ್ದೇ ನಿಜವಿರಬಹುದು. ಅದೂ ನಿಮ್ಮ ಮನಸ್ಸಿಗೆ ಬೇಕಾದ ಉತ್ತರವೇ.

ಈ ಕಾಗದ ಪಡೆಯುವ ಬಗೆ: ವೈದ್ಯಕೀಯ ದಾಖಲೆಗೆ ತಮ್ಮನ ಹೆಸರಿನಲ್ಲೇ ಅರ್ಜಿ ಹಾಕಿಸಿ, ಇಲ್ಲವೇ ಅವನು ಸಹಿ ಮಾಡಿದ ಅಧಿಕಾರ ಪತ್ರ ಲಗತ್ತಿಸಿ. ವಕೀಲರು ಜೈಲಿನಲ್ಲಿ ಭೇಟಿಯಾಗಿ ಸಹಿ ಮಾಡಿಸಿಕೊಂಡು, ಅಲ್ಲಿಯೇ ಜೈಲರ್ ದೃಢೀಕರಣ ಪಡೆಯಬಹುದು. ತನ್ನದೇ ದಾಖಲೆಯನ್ನು ತಾನು ಕೇಳಿದಾಗ ಕಲಂ 8(1)(ಜೆ)ಯ ಖಾಸಗಿತನದ ನೆಪ ನಿಲ್ಲದು. ಆಸ್ಪತ್ರೆಗೆ ಪ್ರತ್ಯೇಕ ಅರ್ಜಿ ಕೊಡಿ, ಅದು ಬೇರೆಯದೇ ಸಾರ್ವಜನಿಕ ಪ್ರಾಧಿಕಾರ. ಜೈಲಿಗೆ ಕೇಳಿದರೆ ವರ್ಗಾವಣೆಯಲ್ಲೇ ದಿನ ಹೋಗುತ್ತದೆ. ಆಸ್ಪತ್ರೆಯ ವಿಷಯದಲ್ಲಿ ಇನ್ನೂ ವೇಗದ ದಾರಿ ಇದೆ: ರೋಗಿ ಅಥವಾ ಅವನು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಿಯಮ ಹೇಳುತ್ತದೆ. ವೈದ್ಯಕೀಯ ಅಧೀಕ್ಷಕರಿಗೆ ಆ ನಿಯಮವನ್ನು ಹೆಸರಿಸಿ ಸಾದಾ ಅರ್ಜಿ ಬರೆಯಿರಿ. ಸಿಗದಿದ್ದರೆ ಮಾಹಿತಿ ಹಕ್ಕು ಇದ್ದೇ ಇದೆ.

ರೇಷನ್ ಬಿಲ್ಲಿನಲ್ಲಿ ಭದ್ರತೆಯ ಮಾತೇ ಬರುವುದಿಲ್ಲ. 8(1)(ಎ)ಯಲ್ಲಿ ಹೇಳಿದ ಭದ್ರತೆ ದೇಶದ ಸಾರ್ವಭೌಮತೆ, ಅಖಂಡತೆಗಳ ಸಾಲಿನಲ್ಲಿ ಬರುವಂಥದ್ದು. ಬೇಳೆ, ಅಕ್ಕಿ, ಎಣ್ಣೆಯ ಬಿಲ್ಲನ್ನು ಆ ಸಾಲಿಗೆ ಸೇರಿಸುವುದು ಕಾನೂನನ್ನು ಓದದೆ ಬರೆದ ಮಾತು. ಆದರೆ ಮೂರು ವರ್ಷದ್ದು ಎಂದರೆ ಸಾವಿರಾರು ಹಾಳೆ. ಕಲಂ 7(9) ತೋರಿಸಿ, ಕಚೇರಿ ಸಿಬ್ಬಂದಿಯ ಶ್ರಮ ಮಿತಿಮೀರುತ್ತದೆ ಎನ್ನುತ್ತಾರೆ. ಎರಡು ತಿಂಗಳದ್ದು ಕೇಳಿ. ಆ ತಿಂಗಳ ಟೆಂಡರ್ ದರ, ಇಂಡೆಂಟ್ (ಸಾಮಾನಿನ ಬೇಡಿಕೆ ಪಟ್ಟಿ), ಸ್ಟಾಕ್ ರಿಜಿಸ್ಟರ್ ಪುಟ, ಪ್ರತಿದಿನದ ಒಟ್ಟು ಕೈದಿಗಳ ಸಂಖ್ಯೆ. ತಲಾ ಎಷ್ಟು ಗ್ರಾಂ ಎಂಬ ಆಹಾರ ಪ್ರಮಾಣ ಕೈಪಿಡಿಯಲ್ಲಿರುತ್ತದೆ. ಕೈದಿಗಳ ಸಂಖ್ಯೆಯಿಂದ ಅದನ್ನು ಗುಣಿಸಿ ಸ್ಟಾಕಿನಿಂದ ಹೊರಬಿದ್ದ ತೂಕಕ್ಕೆ ಹೋಲಿಸಿದರೆ ವ್ಯತ್ಯಾಸ ಇದ್ದರೆ ಕಾಣುತ್ತದೆ. ಕಳೆದು ಹೋದ ದಿನದ ಒಟ್ಟು ಸಂಖ್ಯೆಯಿಂದ ಭದ್ರತೆಗೆ ಏನೂ ಆಗುವುದಿಲ್ಲ. ಜೈಲುಗಳ ಸಾಮರ್ಥ್ಯ ಎಷ್ಟು, ಇರುವವರು ಎಷ್ಟು ಎಂಬ ಅಂಕಿಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅಚ್ಚು ಹಾಕಿಸಿಯೇ ಹೊರತರುತ್ತದೆ. ಇದನ್ನು ಬೇರೆ ಅರ್ಜಿಯಾಗಿ, ಸಾಧ್ಯವಾದರೆ ಬೇರೆಯವರ ಹೆಸರಿನಲ್ಲಿ, ಆಮೇಲೆ ಹಾಕಿ. ಸಂದರ್ಶಕ ಮಂಡಳಿಯ ವರದಿಯೂ ಸಿಗಬೇಕಾದದ್ದೇ, ದೂರು ಹೇಳಿದ ಕೈದಿಗಳ ಹೆಸರನ್ನು ಮುಚ್ಚಿ ಕೊಟ್ಟರೆ ಸಾಕು.

ಇನ್ನು ಹಿಂಬರಹದಲ್ಲಿ ಉಳಿದ ಎರಡು ಕಲಂ. (ಹೆಚ್) ಎಂದರೆ ತನಿಖೆಗೆ, ಬಂಧನಕ್ಕೆ, ವಿಚಾರಣೆಗೆ ಅಡ್ಡಿಯಾಗುವ ಮಾಹಿತಿ. ತನಿಖೆ ನಡೆಯುತ್ತಿದೆ ಎಂದರಷ್ಟೇ ಸಾಲದು, ಈ ಮಾಹಿತಿಯಿಂದ ಅದಕ್ಕೆ ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕು. 2007ರ ಭಗತ್ ಸಿಂಗ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದು ಇದನ್ನೇ. ನಿಮ್ಮ ತಮ್ಮನ ಗಾಯದ ಬಗ್ಗೆ ಯಾವ ತನಿಖೆ ನಡೆದಿದೆ ಎಂದು ಹಿಂಬರಹದಲ್ಲಿ ಒಂದಕ್ಷರ ಇಲ್ಲ. ಜಾರಿ ಬಿದ್ದದ್ದು ಎಂದವರು ತನಿಖೆ ನಡೆಯುತ್ತಿದೆ ಎಂದೂ ಹೇಳಲಾಗದು.

(ಜೆ) ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಕಾನೂನೇ ಬದಲಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಲಂ 44(3) 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನದ ಮೇಲೆ ಅನಗತ್ಯ ದಾಳಿಯಾಗುವ ವೈಯಕ್ತಿಕ ಮಾಹಿತಿಗೆ ಮಾತ್ರ ವಿನಾಯಿತಿ ಇತ್ತು, ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಇತ್ತು. ಈಗ “ವೈಯಕ್ತಿಕ ಮಾಹಿತಿ” ಎಂದಷ್ಟೇ ಉಳಿದಿದೆ. ಇದು ಪ್ರಜೆಗಳ ಹಕ್ಕನ್ನು ನಿಜವಾಗಿಯೂ ಕುಗ್ಗಿಸಿದೆ ಎಂಬುದು ನನ್ನ ಅಭಿಪ್ರಾಯ, ಅಧಿಕಾರಿಗಳ ಹೆಸರಿರುವ ಯಾವ ಕಾಗದಕ್ಕೂ ಇನ್ನು ಈ ಕಲಂ ಎದುರಾಗುತ್ತದೆ. ಆದರೆ ಕಲಂ 8(2) ಹಾಗೆಯೇ ಇದೆ: ಸಾರ್ವಜನಿಕ ಹಿತ ಹೆಚ್ಚೆಂದು ಕಂಡರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು. ಹಳೆಯ ಮಾದರಿ ಮೇಲ್ಮನವಿಗಳನ್ನು ನಕಲು ಮಾಡುವವರು ಈ ಬದಲಾವಣೆ ಗಮನಿಸದೆ ಸೋಲುತ್ತಾರೆ. ನೀವು 8(2)ನ್ನು ಸ್ಪಷ್ಟವಾಗಿ ಬರೆಯಿರಿ, ಹೆಸರಿನ ಬದಲು ಹುದ್ದೆ ಕೇಳಿ.

ಪ್ರಥಮ ಮೇಲ್ಮನವಿಗೆ ಹಿಂಬರಹ ಕೈಸೇರಿದ ದಿನದಿಂದ 30 ದಿನ. ನಿಮಗಿನ್ನು 21 ದಿನ ಉಳಿದಿದೆ, ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆಯೇ ದಿನಾಂಕಕ್ಕೆ ಸಾಕ್ಷಿ. ಮೇಲ್ಮನವಿ ಯಾರಿಗೆ ಎಂಬುದನ್ನು ಹಿಂಬರಹದಲ್ಲೇ ತಿಳಿಸಬೇಕೆಂದು ಕಲಂ 7(8) ಹೇಳುತ್ತದೆ. ಅದೂ ಇಲ್ಲದಿದ್ದರೆ ಅದನ್ನೇ ಒಂದು ಆಕ್ಷೇಪವಾಗಿ ಬರೆಯಿರಿ. ಒಕ್ಕಣೆ ಇಷ್ಟು ಸಾಕು:

“ವಿಷಯ 3, 4 ಮತ್ತು 5ನ್ನು ಕೈಬಿಟ್ಟಿದ್ದೇನೆ. 9ನ್ನು ಸದ್ಯಕ್ಕೆ ಒತ್ತಾಯಿಸುತ್ತಿಲ್ಲ. ವಿಷಯ 1ಕ್ಕೆ ಸಂಬಂಧಪಟ್ಟ ವ್ಯಕ್ತಿಯ ಅಧಿಕಾರ ಪತ್ರ ಲಗತ್ತಿಸಿದೆ. ವಿಷಯ 2ರಲ್ಲಿ ದೃಶ್ಯ ಲಭ್ಯವಿದೆಯೇ, ಇಲ್ಲದಿದ್ದರೆ ಅಳಿಸಿದ ದಿನಾಂಕ ಯಾವುದು ಎಂಬುದನ್ನಷ್ಟೇ ಕೋರುತ್ತೇನೆ. ವಿಷಯ 6ರಲ್ಲಿ ದಿನಾಂಕ ……ರಂದು ಕೈದಿ ಸಂಖ್ಯೆ ……ರ ಹೊರಹೋಗುವಿಕೆ ಮತ್ತು ಮರಳುವಿಕೆಯ ನಮೂದನ್ನು ಮಾತ್ರ, ಕಲಂ 10ರಂತೆ ಇತರ ನಮೂದುಗಳನ್ನು ಮರೆಮಾಡಿ ನೀಡಿ. ವಿಷಯ 7ನ್ನು …… ಮತ್ತು …… ತಿಂಗಳುಗಳಿಗೆ ಸೀಮಿತಗೊಳಿಸಿದ್ದೇನೆ. ವಿಷಯ 8ರಲ್ಲಿ ಕೈದಿಗಳ ಹೆಸರು ಮರೆಮಾಡಲು ಆಕ್ಷೇಪವಿಲ್ಲ. ಪ್ರತಿ ವಿಷಯಕ್ಕೂ ಯಾವ ವಿನಾಯಿತಿ, ಯಾವ ಹಾನಿ ಎಂಬ ಕಾರಣವನ್ನು ಹಿಂಬರಹದಲ್ಲಿ ನೀಡಿಲ್ಲ; ಕಲಂ 19(5)ರಂತೆ ಹೊಣೆ ಮಾಹಿತಿ ಅಧಿಕಾರಿಯದು. ಉತ್ತರ 30 ದಿನ ಮೀರಿ ಬಂದಿರುವುದರಿಂದ ಕಲಂ 7(6)ರಂತೆ ಪ್ರತಿಗಳನ್ನು ಉಚಿತವಾಗಿ ಒದಗಿಸಿ.”

ಇದರ ಜೊತೆಗೇ ಹೊಸ ಅರ್ಜಿಗಳನ್ನೂ ಬಿಡಿಬಿಡಿಯಾಗಿ ಹಾಕಿ, ಮೇಲ್ಮನವಿಯನ್ನೇ ಕಾಯುತ್ತ ಕೂರಬೇಡಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ನಿಮ್ಮ ಒಂಬತ್ತು ವಿಷಯದ ಅರ್ಜಿಯನ್ನು ಈ ಒಂದು ಕಾರಣಕ್ಕೇ ಹಿಂದಿರುಗಿಸಬಹುದಿತ್ತು. ಬೆಳಗಾವಿ ಕಡೆ ಮರಾಠಿಯಲ್ಲಿ ಬರೆದು ಕೊಡುವವರಿದ್ದಾರೆ. ಕಲಂ 6(1) ಪ್ರಕಾರ ಕನ್ನಡ, ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. “ಯಾಕೆ ಹೊಡೆದಿರಿ”, “ಯಾರು ಹೊಣೆ” ಎಂದು ಬರೆಯಬೇಡಿ. ಕಚೇರಿಯಲ್ಲಿ ಇರುವ ದಾಖಲೆಯನ್ನಷ್ಟೇ ಕೊಡಬೇಕು, ಇಲ್ಲದ ವಿವರಣೆಯನ್ನು ಹುಟ್ಟಿಸಬೇಕಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದನ್ನು 48 ಗಂಟೆಯಲ್ಲಿ ಕೊಡಬೇಕೆಂಬ ಅವಕಾಶವನ್ನು ಹಳೆಯ ಗಾಯದ ಕಾಗದಕ್ಕೆ ಬಳಸಬೇಡಿ. ಅದು ಇವತ್ತು, ಈಗ ಅಪಾಯವಿದ್ದಾಗ ಬಳಸಬೇಕಾದದ್ದು.

ಈಗ ನಿಮ್ಮ ದೊಡ್ಡ ಭಯ, ತಮ್ಮನಿಗೆ ತೊಂದರೆಯಾದೀತು ಎಂಬುದು. ಈ ಭಯವನ್ನು ನಾನು ಹಗುರಾಗಿ ನೋಡುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಕಾಗದ ತಂದುಕೊಡುತ್ತದೆ, ಕಾವಲು ಕೊಡುವುದಿಲ್ಲ. ಕಾವಲು ಕೊಡುವುದು ನ್ಯಾಯಾಲಯ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ವಕೀಲರು ಒಬ್ಬರೇ ತಮ್ಮನನ್ನು ಭೇಟಿಯಾಗಿ ಮಾತಾಡಲಿ. ಮುಲಾಕಾತಿನಲ್ಲಿ ಸಿಬ್ಬಂದಿಯ ಎದುರು ಅವನು ಬಾಯಿ ಬಿಡದಿದ್ದದ್ದು ಸಹಜ. ಅವನು ಒಪ್ಪಿದರೆ ಮುಂದಿನ ವಾಯಿದೆಗೆ ವಿಡಿಯೊ ಬೇಡ, ಖುದ್ದು ಹಾಜರುಪಡಿಸಬೇಕೆಂದು ಅರ್ಜಿ ಹಾಕಿ, ನ್ಯಾಯಾಧೀಶರ ಮುಂದೆ ಅವನೇ ಹೇಳಲಿ, ಅದನ್ನು ದಾಖಲಿಸಿಕೊಂಡು ವೈದ್ಯಕೀಯ ವರದಿ ತರಿಸಲು ಕೋರಿ. ಜೈಲಿನಿಂದ ವರದಿ ತರಿಸುವುದು ನ್ಯಾಯಾಲಯಕ್ಕೆ ಒಂದು ಆದೇಶದ ಕೆಲಸ, ನಿಮಗೆ ಅದೇ ತಿಂಗಳುಗಟ್ಟಲೆ ಹಿಡಿಯುತ್ತದೆ. ವಿಷಯ ನ್ಯಾಯಾಲಯದ ಕಡತ ಸೇರಿದ ಮೇಲೆ ಒಳಗಿರುವವನ ಮೈಮುಟ್ಟುವುದು ಯಾರಿಗೂ ಸುಲಭವಲ್ಲ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರೇ ಆದ್ದರಿಂದ ಅಲ್ಲಿ ಕೊಟ್ಟ ಲಿಖಿತ ದೂರಿಗೆ ತೂಕವಿದೆ. ಅವನು ಬೇಡ ಎಂದರೆ? ಆಗ ಅವನ ಮಾತನ್ನು ಮೀರಿ ದೂರು ಹಾಕಬೇಡಿ. ಆಸ್ಪತ್ರೆಯ ಕಾಗದಗಳನ್ನು ಸದ್ದಿಲ್ಲದೆ ಪಡೆದು ಇಟ್ಟುಕೊಳ್ಳಿ, ಅವನ ಜಾಮೀನಿನ ಮೇಲೆ ಜೋರು ಹಾಕಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಘಟನೆಯಾದ ಒಂದು ವರ್ಷದೊಳಗೆ ದೂರು ಕೊಡಬಹುದು, ಅವನು ಹೊರಬಂದ ಮೇಲೂ ಸಮಯ ಉಳಿದೀತು.

ಹಾಗೆಯೇ ಜಾಮೀನಿನ ವಿಷಯದಲ್ಲಿ ವಕೀಲರನ್ನು ಒಂದು ಮಾತು ಕೇಳಿ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 479 ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವನು ಆ ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಆರೋಪಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೆ ಇದು ಸಿಗದು. ಹೊಡೆದಾಟದ ಕೇಸಿನಲ್ಲಿ ಯಾವ ಕಲಂ ಹಾಕಿದ್ದಾರೆ ಎಂಬುದರ ಮೇಲೆ ಹದಿನಾಲ್ಕು ತಿಂಗಳು ಸಾಕಾಗಿರಲೂಬಹುದು. ಈ ಅವಧಿ ಮುಗಿದಾಗ ನ್ಯಾಯಾಲಯಕ್ಕೆ ಬರೆಯಬೇಕಾದ್ದು ಜೈಲಿನ ಅಧೀಕ್ಷಕರ ಕರ್ತವ್ಯ. ಅವರು ಬರೆದಿದ್ದಾರೆಯೇ ಎಂಬುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಅದಕ್ಕೆ ಭದ್ರತೆಯ ಅಡ್ಡಿ ಯಾರೂ ಹೇಳಲಾರರು.

ಪ್ರಥಮ ಮೇಲ್ಮನವಿಗೆ 30 ದಿನದಲ್ಲಿ, ಕಾರಣ ಬರೆದು ಹೆಚ್ಚೆಂದರೆ 45 ದಿನದಲ್ಲಿ ಆದೇಶವಾಗಬೇಕು. ಆಗದಿದ್ದರೆ ಅಥವಾ ಆದೇಶ ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿ. ಆಯೋಗದ ಪೀಠ ಬೆಳಗಾವಿಯಲ್ಲೂ ಇದೆ. ಆದರೆ ಅಲ್ಲಿ ಸರದಿ ಬರಲು ಬಹಳ ಕಾಲ ಹಿಡಿಯುತ್ತದೆ, ತಮ್ಮನ ಸುರಕ್ಷತೆಯನ್ನು ಆ ಸರದಿಗೆ ಕಟ್ಟಿಹಾಕಬೇಡಿ. ಹೈಕೋರ್ಟಿಗೆ ರಿಟ್ ಹೋಗುವ ಪ್ರಸಂಗ ಬಂದರೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಿಗೆ ಧಾರವಾಡ ಪೀಠ, ವಿಜಯಪುರಕ್ಕೆ ಕಲಬುರಗಿ ಪೀಠ. ಕೇಸು ಒಂದು ಜಿಲ್ಲೆಯದು, ಜೈಲು ಇನ್ನೊಂದು ಜಿಲ್ಲೆಯದು ಆಗಿದ್ದರೆ ಯಾವ ಪೀಠ ಎಂಬುದನ್ನು ಮೊದಲೇ ವಕೀಲರೊಂದಿಗೆ ತೀರ್ಮಾನಿಸಿಕೊಳ್ಳಿ.